ಬೆಳ್ಳಿಯ ಪಟ್ಟಿ ಇದೆ, ಬೆಳ್ಳಿಯ ಇಂಜೆಕ್ಷನ್ ಏಕಿಲ್ಲ?

ಬೈತಖೋಲದವಳು

ನಮ್ಮ ಮಾವನಿಗೆ ಅರವತ್ತೆರಡು ವರ್ಷ, ಸಕ್ಕರೆ ಕಾಯಿಲೆಗೆ ಹತ್ತು ವರ್ಷ. ಆಗಸ್ಟ್‌ನಲ್ಲಿ ದೋಣಿ ನೀರಿಗಿಳಿದ ಮೊದಲ ವಾರವೇ ಬಲೆ ಬಿಡಿಸುವಾಗ ಮೀನಿನ ಮುಳ್ಳು ಎಡಗಾಲಿನ ಹೆಬ್ಬೆರಳ ಬುಡಕ್ಕೆ ಚುಚ್ಚಿತು. ಅರಿಶಿನ ಮೆತ್ತಿಕೊಂಡು ಮರುದಿನವೇ ಸಮುದ್ರಕ್ಕೆ ಹೋದರು. ಮೂರನೆಯ ವಾರಕ್ಕೆ ಪಾದ ಊದಿ, ಚಪ್ಪಲಿ ಹಿಡಿಸದಂತಾಯಿತು. ಅಷ್ಟರಲ್ಲಿ ಎರಡು ಕಡೆ ಎರಡು ಬಗೆಯ ಮಾತ್ರೆ ನುಂಗಿಯಾಗಿತ್ತು. ಎರಡನ್ನೂ ಅರ್ಧಕ್ಕೇ ಬಿಟ್ಟಿದ್ದರು ಎಂಬುದು ಆಮೇಲೆ ಗೊತ್ತಾಯಿತು.

ಕೀವಿನ ಕಲ್ಚರ್ ವರದಿ ನನ್ನ ಕೈಯಲ್ಲಿದೆ. ಕ್ಲೆಬ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾ. ಕೆಳಗೆ ಹದಿನಾರು ಔಷಧಗಳ ಪಟ್ಟಿ, ಹದಿಮೂರರ ಮುಂದೆ ‘ಆರ್’ ಎಂಬ ಅಕ್ಷರ. ಆರ್ ಎಂದರೆ ಈ ಔಷಧಕ್ಕೆ ಬಗ್ಗುವುದಿಲ್ಲ ಎಂದು. ಕೊನೆಯಲ್ಲಿ ‘ಮೆಟಲೊ ಬೀಟಾ ಲ್ಯಾಕ್ಟಮೇಸ್’ ಎಂದು ಬರೆದಿದ್ದಾರೆ. ವೈದ್ಯರು ಸತ್ತ ಮಾಂಸವನ್ನು ಕತ್ತರಿಸಿ ತೆಗೆದು, ಉಳಿದ ಮೂರರಲ್ಲಿ ಒಂದನ್ನು ನರಕ್ಕೆ ಹಾಕುತ್ತಿದ್ದಾರೆ. ಗಾಯದ ಮೇಲೆ ಬೂದು ಬಣ್ಣದ ಪಟ್ಟಿ, ಅದರಲ್ಲಿ ಬೆಳ್ಳಿ ಇದೆಯಂತೆ. ಅದನ್ನು ಕೇಳಿದಾಗಿನಿಂದ ಮಾವ ಆ ಕಾಲನ್ನು ಆಸ್ತಿಯಂತೆ ನೋಡಿಕೊಳ್ಳುತ್ತಿದ್ದಾರೆ.

ನನ್ನ ಪ್ರಶ್ನೆ ಎರಡು. ಹದಿಮೂರು ಔಷಧ ಮಾಡದ ಕೆಲಸವನ್ನು ಬೆಳ್ಳಿ ಮಾಡುವುದಾದರೆ ಬೆಳ್ಳಿಯ ಇಂಜೆಕ್ಷನ್ ಏಕಿಲ್ಲ? ವರದಿಯಲ್ಲಿರುವ ‘ಮೆಟಲೊ’ ಎಂದರೆ ಲೋಹವೇ? ರೋಗಾಣುವಿನ ಬಳಿಯೂ ಲೋಹವಿದೆಯೇ?

ದಾದಿಯ ದಿನಚರಿ

ಇಪ್ಪತ್ತು ವರ್ಷ ಡ್ರೆಸಿಂಗ್ ಮಾಡಿದವಳಾಗಿ ಮೊದಲು ಒಂದು ಮಾತು. ಗಾಯ ವಾಸಿಯಾದರೆ ಅದರಲ್ಲಿ ಬೆಳ್ಳಿಯ ಪಾಲು ತೀರಾ ಚಿಕ್ಕದು. ಮೊದಲನೆಯದು ಕತ್ತರಿ, ಎರಡನೆಯದು ರಕ್ತದ ಸಕ್ಕರೆ, ಮೂರನೆಯದು ಆ ಕಾಲಿನ ಮೇಲೆ ಭಾರ ಬೀಳದಂತೆ ನೋಡಿಕೊಳ್ಳುವುದು. ಮಧುಮೇಹದ ಪಾದದ ಬಗೆಗಿನ ಅಂತರರಾಷ್ಟ್ರೀಯ ಮಾರ್ಗಸೂಚಿಯಂತೂ ಹುಣ್ಣು ಬೇಗ ಮಾಯಲೆಂದು ಬೆಳ್ಳಿಯ ಪಟ್ಟಿ ಹಾಕಬೇಡಿ ಎಂದೇ ಹೇಳುತ್ತದೆ. ನಿಮ್ಮ ವೈದ್ಯರು ಸೋಂಕಿನ ಹೊರೆ ಕಂಡು ಕೆಲವು ದಿನಕ್ಕೆ ಹಾಕಿರಬಹುದು. ಕೇಳಿ, ಹೇಳುತ್ತಾರೆ.

ಸುಟ್ಟ ಗಾಯದ ವಾರ್ಡಿನಲ್ಲಿ ಮಾತ್ರ ಬೆಳ್ಳಿ ಹಳೆಯ ನೆಂಟ. 1968ರಲ್ಲಿ ಬಂದ ಸಿಲ್ವರ್ ಸಲ್ಫಾಡಯಜೀನ್ ಎಂಬ ಬಿಳಿ ಮುಲಾಮನ್ನು ನಾನು ಎಷ್ಟು ಡಬ್ಬಿ ಹಚ್ಚಿದ್ದೇನೋ ಲೆಕ್ಕವಿಲ್ಲ. ಆದರೆ ಈಗೀಗ ಅದೂ ಹಿಂದೆ ಸರಿಯುತ್ತಿದೆ. ಹೊಸ ಚರ್ಮ ಮೂಡುವುದನ್ನು ಅದು ನಿಧಾನಗೊಳಿಸುತ್ತದೆ. ಬ್ಯಾಕ್ಟೀರಿಯಾಕ್ಕೆ ಹೊಡೆಯುವ ಕೈ ನಮ್ಮ ಜೀವಕೋಶಕ್ಕೂ ತಗಲುತ್ತದೆ. ಇಂಜೆಕ್ಷನ್ ಏಕಿಲ್ಲ ಎಂಬುದಕ್ಕೆ ಅರ್ಧ ಉತ್ತರ ಇಲ್ಲಿಯೇ ಇದೆ.

ನಿವೃತ್ತ ರಸಾಯನ, ಕಾರವಾರ

ಉಳಿದರ್ಧ ನಾನು ಹೇಳುತ್ತೇನೆ. ಅದಕ್ಕೆ ನಮ್ಮ ಕರಾವಳಿಯ ಬಾವಿಯೇ ಸಾಕ್ಷಿ.

ಪಾಠ ಹೇಳುತ್ತಿದ್ದ ದಿನಗಳಲ್ಲಿ ಒಮ್ಮೆ ಬಟ್ಟಿ ಇಳಿಸಿದ ನೀರು ಮುಗಿದು ಹೋಗಿತ್ತು. ಒಬ್ಬ ಹುಡುಗ ಜಾಣತನದಿಂದ ಪಕ್ಕದ ಬಾವಿಯ ನೀರು ತಂದು ಅದರಲ್ಲಿ ಸಿಲ್ವರ್ ನೈಟ್ರೇಟ್ ಕರಗಿಸಲು ಹೋದ. ಗ್ಲಾಸಿನೊಳಗೆ ಹಾಲು ಒಡೆದಂತೆ ಬಿಳಿಯ ಮೋಡ ಎದ್ದಿತು. ಕಿಟಕಿಯ ಬಿಸಿಲಿಗೆ ಇಟ್ಟ ಮೇಲೆ ನೇರಳೆಗೆ, ಆಮೇಲೆ ಬೂದು ಬಣ್ಣಕ್ಕೆ ತಿರುಗಿತು. ಬೇಸಿಗೆಯಲ್ಲಿ ಉಪ್ಪು ಏರುವ ಬಾವಿ ಅದು. ಉಪ್ಪಿನ ಕ್ಲೋರೈಡ್ ಬೆಳ್ಳಿಯನ್ನು ಹಿಡಿದು ಕರಗದ ಪುಡಿಯಾಗಿ ಕೂರಿಸಿಬಿಟ್ಟಿತ್ತು.

ಈಗ ನಮ್ಮ ರಕ್ತವನ್ನು ನೆನೆಯಿರಿ. ಒಂದು ಲೀಟರ್ ರಕ್ತರಸದಲ್ಲಿ ಸುಮಾರು ಮೂರೂವರೆ ಗ್ರಾಂ ಕ್ಲೋರೈಡ್ ಇದೆ. ಅದರಿಂದ ತಪ್ಪಿಸಿಕೊಂಡ ಬೆಳ್ಳಿಯನ್ನು ಹಿಡಿಯಲು ಪ್ರೋಟೀನುಗಳು ಕಾದಿರುತ್ತವೆ. ಬೆಳ್ಳಿಯ ಅಯಾನಿಗೆ, ಎಂದರೆ ವಿದ್ಯುದಾವೇಶ ಹೊತ್ತ ಬೆಳ್ಳಿಯ ಕಣಕ್ಕೆ, ಗಂಧಕದ ಹುಚ್ಚು, ಗಂಧಕವಿರುವ ಪ್ರೋಟೀನು ಕಂಡಲ್ಲಿ ಅಂಟಿಕೊಳ್ಳುತ್ತದೆ. ಬ್ಯಾಕ್ಟೀರಿಯಾವನ್ನು ಕೊಲ್ಲುವುದೂ ಅದೇ ಹುಚ್ಚು: ಅದರ ಕಿಣ್ವಗಳ ಗಂಧಕವನ್ನು ಹಿಡಿದು ಕೆಲಸ ನಿಲ್ಲಿಸುತ್ತದೆ, ಪೊರೆಯನ್ನು ಕೆಡಿಸುತ್ತದೆ. ಪೆನಿಸಿಲಿನ್ ಹಾಗಲ್ಲ. ಬ್ಯಾಕ್ಟೀರಿಯಾಕ್ಕೆ ಇದ್ದು ನಮಗಿಲ್ಲದ ಕೋಶಭಿತ್ತಿಯನ್ನು ಹುಡುಕಿ ಹೊಡೆಯುತ್ತದೆ. ಬೆಳ್ಳಿಗೆ ಆ ವಿವೇಕವಿಲ್ಲ. ಬೆಳ್ಳಿಯ ನೀರನ್ನು ವರ್ಷಗಟ್ಟಲೆ ಕುಡಿದವರ ಚರ್ಮ ಶಾಶ್ವತವಾಗಿ ನೀಲಿ ಬೂದು ಬಣ್ಣಕ್ಕೆ ತಿರುಗುತ್ತದೆ. ಅದಕ್ಕೆ ಆರ್ಜಿರಿಯಾ ಎಂದು ಹೆಸರು. ನಾನು ಮೇಲೆ ಹೇಳಿದ ಗ್ಲಾಸಿನ ಬಣ್ಣವೇ ಅದು, ಮನುಷ್ಯನ ಮುಖದ ಮೇಲೆ.

ಹಾಗೆಂದು ಬೆಳ್ಳಿಯನ್ನು ಕಡೆಗಣಿಸಬಾರದು. ಹತ್ತೊಂಬತ್ತನೆಯ ಶತಮಾನದ ಎಂಬತ್ತರ ದಶಕದ ಆರಂಭದಲ್ಲಿ ಜರ್ಮನಿಯ ಕಾರ್ಲ್ ಕ್ರೆಡೆ ನವಜಾತ ಶಿಶುಗಳ ಕಣ್ಣಿಗೆ ಸಿಲ್ವರ್ ನೈಟ್ರೇಟ್ ಹನಿ ಹಾಕಿ, ತಾಯಿಯಿಂದ ಬರುವ ಸೋಂಕಿನ ಕುರುಡನ್ನು ತಡೆದರು. ಪ್ರತಿಜೀವಕ (ಆಂಟಿಬಯಾಟಿಕ್) ಎಂಬ ಮಾತು ಹುಟ್ಟುವುದಕ್ಕೆ ಬಹಳ ಮೊದಲಿನ ಸಂಗತಿ.

ತಾಮ್ರದ ಹಂಡೆ

ನಮ್ಮ ಹಿರಿಯರು ತಾಮ್ರದ ತಂಬಿಗೆಯಲ್ಲಿ ರಾತ್ರಿ ನೀರಿಟ್ಟು ಬೆಳಿಗ್ಗೆ ಕುಡಿಯುತ್ತಿದ್ದರು. ಅವರಿಗೆ ಕ್ಲೆಬ್ಸಿಯೆಲ್ಲಾವೂ ಗೊತ್ತಿರಲಿಲ್ಲ, ಕಲ್ಚರ್ ವರದಿಯೂ ಬೇಕಿರಲಿಲ್ಲ. ಎಲ್ಲವೂ ನಮ್ಮಲ್ಲೇ ಇತ್ತು, ಈಗ ವಿದೇಶದವರು ಹೊಸ ಹೆಸರಿಟ್ಟು ಮಾರುತ್ತಿದ್ದಾರೆ. ಮಾವನಿಗೆ ತಾಮ್ರ ಭಸ್ಮ ಕೊಡಿಸಿ ನೋಡಿ.

ನಿವೃತ್ತ ರಸಾಯನ, ಕಾರವಾರ

ತಂಬಿಗೆಯ ವಿಷಯದಲ್ಲಿ ನೀವು ಹೇಳಿದ್ದು ನಿಜ, ಭಸ್ಮದ ವಿಷಯದಲ್ಲಿ ಕೈಮುಗಿದು ಬೇಡ ಎನ್ನುತ್ತೇನೆ. ಬೆಂಗಳೂರಿನ ಸ್ಥಳೀಯ ಆರೋಗ್ಯ ಪರಂಪರೆಗಳ ಸಂಸ್ಥೆಯೊಂದರ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಭೇದಿ ತರುವ ಬ್ಯಾಕ್ಟೀರಿಯಾ ಬೆರೆಸಿದ ನೀರನ್ನು ತಾಮ್ರದ ಪಾತ್ರೆಯಲ್ಲಿ ಹದಿನಾರು ಗಂಟೆ ಇಟ್ಟರು. ಆಮೇಲೆ ಬೆಳೆಸಿ ನೋಡಿದರೆ ಒಂದೂ ಬೆಳೆಯಲಿಲ್ಲ. ನೀರಿಗೆ ಇಳಿದ ತಾಮ್ರ ನೂರು ಕೋಟಿ ಪಾಲಿಗೆ 177 ಪಾಲು, ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯ ಹತ್ತರಲ್ಲಿ ಒಂದಕ್ಕಿಂತ ಕಡಿಮೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2008ರಲ್ಲಿ ತಾಮ್ರದ ಮಿಶ್ರಲೋಹಗಳನ್ನು ರೋಗಾಣುನಾಶಕ ಮೇಲ್ಮೈಗಳೆಂದು ನೋಂದಾಯಿಸಿತು. ಎರಡು ಗಂಟೆಯಲ್ಲಿ ಶೇಕಡಾ 99.9 ಬ್ಯಾಕ್ಟೀರಿಯಾ ಸಾಯುತ್ತವೆ ಎಂಬ ಆಧಾರದ ಮೇಲೆ.

ಆದರೆ ಇವೆಲ್ಲ ಪಾತ್ರೆಯ ಒಳಗೋಡೆ, ಬಾಗಿಲ ಹಿಡಿ, ಮಂಚದ ಸರಳು. ಹೊಟ್ಟೆಯ ಒಳಗಿನ ಮಾತಲ್ಲ. ಆ ನೀರು ಕುಡಿದರೆ ಕಾಲಿನ ಕೀವು ಒಣಗುವುದಿಲ್ಲ. ಸಕ್ಕರೆ ಕಾಯಿಲೆಯಿಂದ ಮೂತ್ರಪಿಂಡ ಸೋತಿರಬಹುದಾದ ಮನುಷ್ಯನಿಗೆ ಲೋಹದ ಭಸ್ಮವನ್ನು ಊಹೆಯ ಮೇಲೆ ಕೊಡುವುದು ಬೇಡ.

ಸೊಪ್ಪಿನಬೆಟ್ಟ, ಶಿರಸಿ

ಕರಾವಳಿಯವರ ಮಾತಿನ ನಡುವೆ ಘಟ್ಟದ ಮೇಲಿನವನೊಬ್ಬ ಬಾಯಿ ಹಾಕುತ್ತಿದ್ದೇನೆ. ಲೋಹದಿಂದ ರೋಗಾಣುವನ್ನು ಹೊಡೆಯುವುದು ನಿಮಗೆ ಹೊಸದಿರಬಹುದು, ಅಡಿಕೆ ತೋಟದವರಿಗೆ ನೂರು ವರ್ಷದ ಹಾಡು.

ಕೊಳೆ ರೋಗಕ್ಕೆ ನಾವು ಹೊಡೆಯುವ ಮದ್ದು ಎಂದರೆ ಮೈಲುತುತ್ತ ಮತ್ತು ಸುಣ್ಣ. ಮೈಲುತುತ್ತ ಎಂದರೆ ತಾಮ್ರದ ಸಲ್ಫೇಟು. ಫ್ರಾನ್ಸಿನ ಬೋರ್ಡೋದಲ್ಲಿ ದ್ರಾಕ್ಷಿಗೆಂದು ಮಿಲಾರ್ಡೆ 1885ರಲ್ಲಿ ಪ್ರಕಟಿಸಿದ ಮದ್ದು. ಶಿರಸಿ ಆಗ ಮುಂಬಯಿ ಪ್ರಾಂತದಲ್ಲಿತ್ತು. ಗಡಿಯಾಚೆ ಮೈಸೂರು ಸಂಸ್ಥಾನದಲ್ಲಿ ಕೆನಡಾದ ಲೆಸ್ಲಿ ಕೋಲ್ಮನ್ ಮಲೆನಾಡಿನ ತೋಟ ಸುತ್ತಿ, 1910ರಲ್ಲಿ ಕೊಳೆ ರೋಗದ ಬಗ್ಗೆ ಪುಸ್ತಿಕೆ ಬರೆದರು. ಅದಕ್ಕೂ ಮೊದಲು ಕೊನೆಗಳಿಗೆ, ಎಂದರೆ ಅಡಿಕೆಯ ಗೊಂಚಲುಗಳಿಗೆ, ಮಳೆ ತಾಗದಂತೆ ಕೊಟ್ಟೆಯ ಹೊದಿಕೆ ಕಟ್ಟುವುದೊಂದೇ ದಾರಿಯಾಗಿತ್ತು.

ಈಗ ಮುಖ್ಯ ಮಾತು. ಒಂದು ಕಿಲೋ ತುತ್ತವನ್ನು ಐವತ್ತು ಲೀಟರ್ ನೀರಿನಲ್ಲಿ, ಒಂದು ಕಿಲೋ ಸುಣ್ಣವನ್ನು ಇನ್ನೊಂದು ಐವತ್ತು ಲೀಟರಿನಲ್ಲಿ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು. ಸುಣ್ಣವನ್ನು ತುತ್ತಕ್ಕೆ ಸುರಿಯುವಂತಿಲ್ಲ. ಆಮೇಲೆ ತಿಕ್ಕಿ ಬೆಳಗಿದ ಕತ್ತಿಯ ಅಲಗನ್ನು ಅದ್ದಿ ನೋಡುತ್ತೇವೆ. ಅಲಗಿನ ಮೇಲೆ ಇಟ್ಟಿಗೆ ಕೆಂಪಿನ ಲೇಪ ಕಂಡರೆ ತಾಮ್ರ ಇನ್ನೂ ಬಿಡಿಯಾಗಿ ಓಡಾಡುತ್ತಿದೆ ಎಂದರ್ಥ. ಆ ಮದ್ದನ್ನು ಹೊಡೆದರೆ ರೋಗವೂ ಸಾಯುತ್ತದೆ, ಎಳೆಯ ಕಾಯಿಯೂ ಸುಡುತ್ತದೆ. ಇನ್ನಷ್ಟು ಸುಣ್ಣ ಹಾಕಿ ತಾಮ್ರವನ್ನು ಕಟ್ಟಿಹಾಕಬೇಕು. ಕಟ್ಟಿಹಾಕಿದ ತಾಮ್ರ ಕೊನೆಯ ಮೇಲೆ ಅಂಟಿ ಕುಳಿತು, ಮಳೆಯ ಹನಿಗೆ ಚೂರು ಚೂರೇ ಬಿಡುಗಡೆಯಾಗುತ್ತದೆ. ಮರ ಹತ್ತಿ ಮದ್ದು ಹೊಡೆಯುವ ನಮ್ಮ ಕೊನೆಗೌಡನಿಗೆ ಅಯಾನು ಎಂಬ ಶಬ್ದ ಗೊತ್ತಿಲ್ಲ, ಆದರೆ ಕತ್ತಿ ಅದ್ದದೆ ಮರ ಹತ್ತುವುದಿಲ್ಲ.

ಕೊಳೆಯ ರೋಗಾಣು ಫೈಟಾಫ್ಥೊರಾ ಬ್ಯಾಕ್ಟೀರಿಯಾ ಅಲ್ಲ, ಗೊತ್ತು. ಆದರೂ ದಾದಿಯವರು ಹೇಳಿದ ಸಮಸ್ಯೆ ಮತ್ತು ನಮ್ಮ ಸಮಸ್ಯೆ ಒಂದೇ ಅಲ್ಲವೇ? ಕೊಲ್ಲುವ ಲೋಹಕ್ಕೆ ಬರವಿಲ್ಲ. ಅದಕ್ಕೆ ಸುಣ್ಣ ಯಾವುದು ಎಂಬುದೇ ಪ್ರಶ್ನೆ.

ಮುರುಗಲು ಸಿಪ್ಪೆ

ಸೊಪ್ಪಿನಬೆಟ್ಟದವರೇ, ಇಡೀ ಸಂಶೋಧನಾ ಕ್ಷೇತ್ರ ಹುಡುಕುತ್ತಿರುವುದು ಆ ಸುಣ್ಣವನ್ನೇ! ನಾನು ಕುಮಟಾದವಳು, ಸ್ನಾತಕೋತ್ತರ ರಸಾಯನಶಾಸ್ತ್ರ ಓದುತ್ತಿದ್ದೇನೆ. ತಿಳಿದಷ್ಟು ಬರೆಯುತ್ತೇನೆ.

ಮೊದಲು ‘ಮೆಟಲೊ’ ಪ್ರಶ್ನೆ. ಹೌದು, ರೋಗಾಣುವಿನ ಕೈಯಲ್ಲೂ ಲೋಹವಿದೆ. ಪೆನಿಸಿಲಿನ್ ಬಳಗದ ಔಷಧಗಳನ್ನು ಕತ್ತರಿಸುವ ಕಿಣ್ವವೊಂದನ್ನು ಅದು ಇಟ್ಟುಕೊಂಡಿದೆ. ಆ ಕತ್ತರಿಯ ಮೊನೆಯಲ್ಲಿ ಸತುವಿನ ಎರಡು ಅಯಾನುಗಳಿವೆ. ಇವುಗಳಲ್ಲಿ ಹೆಸರಾದದ್ದು ಎನ್‌ಡಿಎಂ-1. ಭಾರತದಲ್ಲಿ ಚಿಕಿತ್ಸೆ ಪಡೆದು ಮರಳಿದ ಸ್ವೀಡನ್ನಿನ ರೋಗಿಯೊಬ್ಬರಲ್ಲಿ, ಇದೇ ಕ್ಲೆಬ್ಸಿಯೆಲ್ಲಾದೊಳಗೆ ಸಿಕ್ಕಿತು. 2009ರಲ್ಲಿ ಪ್ರಕಟಿಸುವಾಗ ‘ನ್ಯೂ ಡೆಲ್ಲಿ’ ಎಂಬ ಹೆಸರನ್ನು ಅಂಟಿಸಿದರು. ನಮ್ಮವರು ಹೆಸರಿಗಾಗಿ ಕೋಪಿಸಿಕೊಂಡರು. ಕಿಣ್ವ ಮಾತ್ರ ತನ್ನ ಪಾಡಿಗೆ ಹರಡುತ್ತ ಹೋಯಿತು.

2018ರಲ್ಲಿ ಹಾಂಗ್‌ಕಾಂಗ್ ವಿಶ್ವವಿದ್ಯಾಲಯದ ಹೊಂಗ್ಜೆ ಸುನ್ ಅವರ ತಂಡ ಒಂದು ಚೆಂದದ ಕೆಲಸ ಮಾಡಿತು. ಹೊಟ್ಟೆಯ ಹುಣ್ಣಿಗೆ ದಶಕಗಳಿಂದ ಕೊಡುತ್ತಿರುವ, ಬಿಸ್ಮತ್ ಎಂಬ ಲೋಹದ ಔಷಧ, ಆ ಕತ್ತರಿಯ ಸತುವನ್ನು ಹೊರಗೆ ದಬ್ಬಿ ತಾನು ಕೂರುತ್ತದೆ ಎಂದು ತೋರಿಸಿದರು. ಕತ್ತರಿ ಮೊಂಡಾಗುತ್ತದೆ, ಹಳೆಯ ಪ್ರತಿಜೀವಕ ಮತ್ತೆ ಕೆಲಸ ಮಾಡುತ್ತದೆ. ಪ್ರಯೋಗಶಾಲೆಯಲ್ಲಿ ಮತ್ತು ಇಲಿಗಳಲ್ಲಿ ಆದ ಫಲಿತಾಂಶ ಇದು. ನಾಳೆ ಔಷಧದಂಗಡಿಗೆ ಓಡಬೇಡಿ.

ನನಗೆ ಇನ್ನೂ ಹೆಚ್ಚು ಇಷ್ಟವಾದದ್ದು ಗ್ಯಾಲಿಯಂ ಎಂಬ ಲೋಹ. ಬ್ಯಾಕ್ಟೀರಿಯಾ ಬದುಕಲು ಕಬ್ಬಿಣ ಬೇಕೇಬೇಕು. ಗ್ಯಾಲಿಯಂ ಅಯಾನು ಗಾತ್ರದಲ್ಲಿ, ಆವೇಶದಲ್ಲಿ ಕಬ್ಬಿಣದಂತೆಯೇ. ಮಾರೀಚನ ವೇಷ. ಜಿಂಕೆ ಎಂದು ಒಳಗೆ ಕರೆದುಕೊಂಡರೆ, ಕಬ್ಬಿಣದಂತೆ ಎಲೆಕ್ಟ್ರಾನು ಪಡೆದು ಬಿಟ್ಟು ಮಾಡುವ ಕೆಲಸ ಅದಕ್ಕೆ ಬರುವುದಿಲ್ಲ. ಕಿಣ್ವಗಳು ಸ್ತಬ್ಧವಾಗುತ್ತವೆ. ಶ್ವಾಸಕೋಶದಲ್ಲಿ ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾ ಬೇರೂರಿದ್ದ ರೋಗಿಗಳಲ್ಲಿ ಇದನ್ನು ಸಣ್ಣ ಪ್ರಮಾಣದಲ್ಲಿ ಪರೀಕ್ಷಿಸಿದ್ದಾರೆ.

ಒಂದು ಲೆಕ್ಕವನ್ನೂ ಕೊಡುತ್ತೇನೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಕೋ-ಆಡ್ ಎಂಬ ಯೋಜನೆ, ಜಗತ್ತಿನ ರಸಾಯನಶಾಸ್ತ್ರಜ್ಞರು ಕಳುಹಿಸಿದ ಸಂಯುಕ್ತಗಳನ್ನು ಉಚಿತವಾಗಿ ರೋಗಾಣುಗಳ ಮೇಲೆ ಪರೀಕ್ಷಿಸುತ್ತದೆ. 2020ರ ವರದಿಯಲ್ಲಿ 906 ಲೋಹ ಸಂಯುಕ್ತಗಳಿದ್ದವು, 88 ನಮ್ಮ ಬಗೆಯ ಜೀವಕೋಶಗಳಿಗೆ ವಿಷವಾಗದೆ ಪರಿಣಾಮ ತೋರಿಸಿದವು. ನೂರಕ್ಕೆ ಹತ್ತರ ಸಮೀಪ. ಲೋಹವಿಲ್ಲದವುಗಳಲ್ಲಿ ನೂರಕ್ಕೆ ಒಂದೂ ಬರಲಿಲ್ಲ. ಲೋಹದ ಸುತ್ತ ಆರು ದಿಕ್ಕಿಗೂ ಕೊಂಡಿ ಹಾಕಬಹುದು, ಇಂಗಾಲಕ್ಕೆ ಆಗದ ಆಕಾರಗಳು ಸಿಗುತ್ತವೆ. ಬ್ಯಾಕ್ಟೀರಿಯಾ ಆ ಆಕಾರಗಳನ್ನು ಹಿಂದೆ ಎದುರಿಸಿಲ್ಲ.

ಕೊನೆಗೆ ನನ್ನದೇ ಪ್ರಾಜೆಕ್ಟು. ಮುರುಗಲು (ಕೋಕಂ) ಸಿಪ್ಪೆಯ ಕಷಾಯಕ್ಕೆ ಸಿಲ್ವರ್ ನೈಟ್ರೇಟ್ ಬೆರೆಸಿ ಬೆಳ್ಳಿಯ ನ್ಯಾನೊಕಣ, ಎಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಕಣ, ಮಾಡಿದೆ. ಕಷಾಯದ ಕೆಂಪು ನಿಧಾನವಾಗಿ ಕಾಫಿ ಬಣ್ಣಕ್ಕೆ ತಿರುಗಿತು, ಬೆಳಕು ಹೀರುವುದನ್ನು ಅಳೆಯುವ ಯಂತ್ರದಲ್ಲಿ 420 ನ್ಯಾನೊಮೀಟರ್ ಹತ್ತಿರ, ಬೆಳ್ಳಿಯ ಕಣದ ಗುರುತಾದ ಶಿಖರ ಬಂತು. ತಟ್ಟೆಯಲ್ಲಿ ಬೆಳೆಸಿದ ಬ್ಯಾಕ್ಟೀರಿಯಾದ ನಡುವಿನ ಗುಳಿಗೆ ಸುರಿದಾಗ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ಸ್ವಚ್ಛವಾದ ಉಂಗುರ ಮೂಡಿತು. ಆ ದಿನ ಊಟ ಸೇರಲಿಲ್ಲ, ಅಷ್ಟು ಖುಷಿ.

ನಿವೃತ್ತ ರಸಾಯನ, ಕಾರವಾರ

ಖುಷಿಗೆ ತಣ್ಣೀರೆರಚುವ ಹಳೆಯ ಚಟ ನನ್ನದು, ಕ್ಷಮಿಸು ಮಗಳೇ. ಪಕ್ಕದ ಗುಳಿಯಲ್ಲಿ ಬರೀ ಸಿಲ್ವರ್ ನೈಟ್ರೇಟ್ ಹಾಕಿ ನೋಡಿದೆಯಾ? ಇನ್ನೊಂದರಲ್ಲಿ ಬರೀ ಮುರುಗಲು ಕಷಾಯ? ಅದು ಎಷ್ಟು ಹುಳಿ ಎಂದು ನಮ್ಮೂರಿನವರಿಗೆ ಹೇಳಬೇಕೆ? ಆ ಹುಳಿಯೇ ಉಂಗುರ ಮೂಡಿಸಿರಬಹುದಲ್ಲ?

ಮುರುಗಲು ಸಿಪ್ಪೆ

ನೋಡಿದೆ ಸರ್. ಬರೀ ಸಿಲ್ವರ್ ನೈಟ್ರೇಟಿನ ಉಂಗುರ ನನ್ನ ನ್ಯಾನೊಕಣದ ಉಂಗುರಕ್ಕಿಂತ ದೊಡ್ಡದಿತ್ತು. ಕಷಾಯವೂ ಸಣ್ಣದೊಂದು ಉಂಗುರ ಕೊಟ್ಟಿತು. ಪ್ರಬಂಧದಲ್ಲಿ ಎರಡನ್ನೂ ಬರೆದಿದ್ದೇನೆ. ಹಾಗೆ ಬರೆಯದವರೂ ಇದ್ದಾರೆ. ನಮ್ಮ ದೇಶದಲ್ಲಿ ತುಳಸಿಯಿಂದ ಹಿಡಿದು ಬೇಲಿಯ ಗಿಡದವರೆಗೆ ಪ್ರತಿ ಎಲೆಗೂ ಒಂದು ಬೆಳ್ಳಿಯ ಪ್ರಬಂಧವಿದೆ, ಬಹುಪಾಲು ಉಂಗುರದ ಹತ್ತಿರವೇ ನಿಲ್ಲುತ್ತವೆ. ಮನುಷ್ಯನ ಜೀವಕೋಶ ಆ ಪ್ರಮಾಣದಲ್ಲಿ ಬದುಕುತ್ತದೆಯೇ, ರಕ್ತದಲ್ಲಿ ಕಣ ಉಳಿಯುತ್ತದೆಯೇ ಎಂಬ ಪ್ರಶ್ನೆಗೆ ಹೋಗುವುದಿಲ್ಲ. ನನ್ನದೂ ಹೋಗಿಲ್ಲ. ಅದಕ್ಕೆ ಬೇಕಾದ ಸೌಕರ್ಯ ನಮ್ಮಲ್ಲಿರಲಿಲ್ಲ.

ಕೆಂಪು ಬಣ್ಣದ ದೋಣಿ

ಓದಿದವರ ನಡುವೆ ಒಂದು ಮಾತು. ಜೂನ್, ಜುಲೈ ಎರಡು ತಿಂಗಳ ನಿಷೇಧದಲ್ಲಿ ದೋಣಿಯನ್ನು ದಡಕ್ಕೆ ಎಳೆದು, ತಳದ ಚಿಪ್ಪುಗಳನ್ನು ಹೆರೆದು ಕೆಂಪು ಬಣ್ಣ ಬಳಿಯುತ್ತೇವೆ. ಆ ಕೆಂಪು ತಾಮ್ರದ ಆಕ್ಸೈಡು ಎಂದು ಡಬ್ಬಿಯ ಮೇಲೆ ಬರೆದಿರುತ್ತದೆ. ಒಳ್ಳೆಯ ಬಣ್ಣ ಯಾವುದು ಗೊತ್ತೇ? ಒಮ್ಮೆಗೇ ತಾಮ್ರ ಬಿಟ್ಟುಕೊಡದೆ, ನೀರು ಉಜ್ಜಿದಷ್ಟೂ ತೆಳುವಾಗಿ ಸವೆಯುತ್ತ ಹೊಸ ಪದರ ತೋರಿಸುವುದು. ಅಗ್ಗದ ಬಣ್ಣ ಮೊದಲ ತಿಂಗಳೇ ಎಲ್ಲವನ್ನೂ ಕಕ್ಕಿ, ದೀಪಾವಳಿಯ ಹೊತ್ತಿಗೆ ತಳದಲ್ಲಿ ಚಿಪ್ಪು ಸಾಲುಗಟ್ಟಿರುತ್ತದೆ. ಡೀಸೆಲ್ ಹೆಚ್ಚು ಕುಡಿಯುತ್ತದೆ. ಶಿರಸಿಯವರ ಸುಣ್ಣ, ನಮ್ಮ ಬಣ್ಣ ಒಂದೇ ಕಥೆ ಎನಿಸಿತು.

ಮುರುಗಲು ಸಿಪ್ಪೆ

ಒಂದೇ ಕಥೆ! ಇದೇ ಉದ್ದೇಶಕ್ಕೆ ಈಗ ಲೋಹ-ಸಾವಯವ ಚೌಕಟ್ಟುಗಳೆಂಬ ವಸ್ತುಗಳನ್ನು ಕಟ್ಟುತ್ತಿದ್ದಾರೆ. ನಿಮ್ಮ ಬಲೆಯನ್ನೇ ನೆನೆಯಿರಿ: ಗಂಟು ಇರುವಲ್ಲಿ ಲೋಹದ ಅಯಾನು, ದಾರದ ಜಾಗದಲ್ಲಿ ಇಂಗಾಲದ ಅಣು, ನಡುವೆ ಕಣ್ಣುಗಳು. ಗಂಟು ಸಡಿಲವಾದಂತೆ ಬೆಳ್ಳಿಯೋ ತಾಮ್ರವೋ ಸತುವೋ ನಿಧಾನವಾಗಿ ಹೊರಬರುತ್ತದೆ. ಕಣ್ಣಿನೊಳಗೆ ಪ್ರತಿಜೀವಕವನ್ನೂ ತುಂಬಿಡಬಹುದು. ಈ ಚೌಕಟ್ಟುಗಳನ್ನು ರೂಪಿಸಿದ ಕಿಟಗಾವಾ, ರಾಬ್ಸನ್, ಯಾಘಿ ಅವರಿಗೆ 2025ರ ರಸಾಯನಶಾಸ್ತ್ರದ ನೊಬೆಲ್ ಬಂತು.

ಲೋಹವನ್ನು ಬಿಡುಗಡೆಯೇ ಮಾಡದೆ ಕೊಲ್ಲುವ ದಾರಿಯೂ ಇದೆ. ಜೀರುಂಡೆಯ ರೆಕ್ಕೆಯ ಮೇಲಿನ ಸೂಕ್ಷ್ಮ ಮೊನೆಗಳಿಗೆ ಸಿಕ್ಕ ಬ್ಯಾಕ್ಟೀರಿಯಾದ ಪೊರೆ ಹರಿಯುತ್ತದೆ ಎಂದು 2012ರಲ್ಲಿ ಆಸ್ಟ್ರೇಲಿಯಾದವರು ತೋರಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 2017ರಲ್ಲಿ ಮೂಳೆಗೆ ಕೂರಿಸುವ ಟೈಟಾನಿಯಂ ಮೇಲೆ ಅಂಥದೇ ಮೊನೆಗಳನ್ನು ಕೆತ್ತಿದರು.

ಗಜನಿ ಗದ್ದೆ

ಅಘನಾಶಿನಿಯ ದಡದಲ್ಲಿ ಸಿಗಡಿ ಸಾಕಿ ಕೈ ಸುಟ್ಟುಕೊಂಡವನು ನಾನು. ಎಲ್ಲರೂ ಲೋಹ ಬ್ಯಾಕ್ಟೀರಿಯಾವನ್ನು ಕೊಲ್ಲುವ ಬಗ್ಗೆಯೇ ಮಾತನಾಡುತ್ತಿದ್ದೀರಿ. ಬ್ಯಾಕ್ಟೀರಿಯಾ ಲೋಹಕ್ಕೆ ಒಗ್ಗಿಕೊಂಡರೆ?

ಒಗ್ಗಿಕೊಂಡಿದೆ. 1975ರಲ್ಲಿ ಪ್ರಕಟವಾದ ವರದಿಯಂತೆ, ಬಾಸ್ಟನ್ನಿನ ಆಸ್ಪತ್ರೆಯೊಂದರ ಸುಟ್ಟ ಗಾಯದ ವಾರ್ಡಿನಲ್ಲಿ, ಬೆಳ್ಳಿಯ ಮದ್ದು ಹಚ್ಚುತ್ತಿದ್ದರೂ ಸಾಲ್ಮೊನೆಲ್ಲಾ ಹರಡಿ ಮೂವರು ಸತ್ತರು. ಆ ಬ್ಯಾಕ್ಟೀರಿಯಾ ಬೆಳ್ಳಿಯನ್ನು ಒಳಗಿಂದ ಹೊರಗೆ ಪಂಪು ಮಾಡುತ್ತಿತ್ತು. ಪಂಪಿನ ಜೀನುಗಳು ಪ್ಲಾಸ್ಮಿಡ್ ಎಂಬ ಡಿಎನ್ಎ ಉಂಗುರದ ಮೇಲಿದ್ದವು. ಒಂದು ಬ್ಯಾಕ್ಟೀರಿಯಾ ಇನ್ನೊಂದಕ್ಕೆ ಕೈಬದಲು ಕೊಡುವ ಗಂಟು ಅದು. ಅದೇ ಗಂಟಿನಲ್ಲಿ ಪ್ರತಿಜೀವಕಗಳನ್ನು ಸೋಲಿಸುವ ಜೀನುಗಳೂ ಇದ್ದವು. ಬೆಳ್ಳಿ ಹಚ್ಚಿದರೆ ಬೆಳ್ಳಿಯನ್ನು ತಾಳುವುದು ಉಳಿಯುತ್ತದೆ, ಅದರ ಜೊತೆಗೆ ಪ್ರತಿಜೀವಕವನ್ನು ತಾಳುವ ಗುಣವೂ ಪುಕ್ಕಟೆಯಾಗಿ ಉಳಿಯುತ್ತದೆ. ಹಂದಿಮರಿಗಳ ಮೇವಿಗೆ ಔಷಧದ ಪ್ರಮಾಣದಲ್ಲಿ ಸತುವಿನ ಆಕ್ಸೈಡು ಬೆರೆಸುವುದನ್ನು ಯುರೋಪು 2022ರ ಜೂನ್‌ನಲ್ಲಿ ನಿಲ್ಲಿಸಿತು. ಕಾರಣಗಳಲ್ಲಿ ಇದೂ ಒಂದು.

ಶಿರಸಿಯವರಿಗೆ ಬೇಸರವಾಗಬಾರದು. ತಾಮ್ರ ಬೆರೆಸಿದ ಹೊಲದ ಮಣ್ಣಿನಲ್ಲಿ ಪ್ರತಿಜೀವಕ ತಾಳುವ ಬ್ಯಾಕ್ಟೀರಿಯಾ ಹೆಚ್ಚಿದ್ದನ್ನು ಡೆನ್ಮಾರ್ಕ್‌ನವರು 2005ರಲ್ಲಿಯೇ ಬರೆದಿದ್ದಾರೆ. ನೂರು ವರ್ಷ ಮೈಲುತುತ್ತ ಕುಡಿದ ತೋಟದ ಮಣ್ಣನ್ನು ಯಾರಾದರೂ ಪರೀಕ್ಷಿಸಬೇಕು. ಮುರುಗಲು ಸಿಪ್ಪೆಯವರೇ, ಉಂಗುರಕ್ಕಿಂತ ಇದು ಒಳ್ಳೆಯ ಪ್ರಾಜೆಕ್ಟಲ್ಲವೇ?

ಸೊಪ್ಪಿನಬೆಟ್ಟ, ಶಿರಸಿ

ಬೇಸರವೇನಿಲ್ಲ. ಮಣ್ಣು ಬೇಕಾದರೆ ನನ್ನ ತೋಟದಿಂದಲೇ ತೆಗೆದುಕೊಂಡು ಹೋಗಲಿ. ಅಜ್ಜನ ಕಾಲದಿಂದ ಮದ್ದು ಹೊಡೆದ ತೋಟವೂ ಇದೆ, ಮದ್ದೇ ಕಾಣದ ಬೆಟ್ಟವೂ ಬದಿಯಲ್ಲೇ ಇದೆ. ಹೋಲಿಸಲು ಅನುಕೂಲ. ಊಟ ನಮ್ಮಲ್ಲೇ.

ಮುರುಗಲು ಸಿಪ್ಪೆ

ನವೆಂಬರಿನಲ್ಲಿ ಬರುತ್ತೇನೆ. ಇಪ್ಪತ್ತು ಚೀಲ ತರುತ್ತೇನೆ. ಅಪ್ಪೆಹುಳಿ ಇರಲಿ.

ಬೈತಖೋಲದವಳು

ಎಲ್ಲವನ್ನೂ ಮಾವನಿಗೆ ಓದಿ ಹೇಳಿದೆ. ವೈದ್ಯರನ್ನೂ ಕೇಳಿದೆ. ಬೆಳ್ಳಿಯ ಪಟ್ಟಿ ಎರಡು ವಾರಕ್ಕಷ್ಟೇ, ಕೀವು ನಿಂತ ಮೇಲೆ ಸಾಮಾನ್ಯ ಪಟ್ಟಿ ಎಂದರು. ದಾದಿಯವರು ಹೇಳಿದ ಹಾಗೆಯೇ ಆಯಿತು. ಇವತ್ತು ಪಟ್ಟಿ ಬದಲಿಸುವಾಗ ನಾನೂ ನಿಂತಿದ್ದೆ. ಗಾಯದ ತಳ ಕೆಂಪಾಗಿದೆ, ವಾಸನೆ ಇಲ್ಲ. ಸಕ್ಕರೆ ಇನ್ನೂ ಹತೋಟಿಗೆ ಬಂದಿಲ್ಲ, ರಾತ್ರಿಯ ಗಂಜಿಗೆ ಬೆಲ್ಲ ಬೇಕೆಂದು ಹಟ ಮಾಡುತ್ತಾರೆ.

ಈ ಬಾರಿ ನರದ ಔಷಧವನ್ನು ಕೊನೆಯ ದಿನದವರೆಗೂ ಬಿಡುವಂತಿಲ್ಲ ಎಂದು ವೈದ್ಯರು ಬರೆಸಿಕೊಂಡರು. ಮಾವ ಸಹಿ ಹಾಕಿದರು. ಆಮೇಲೆ ಆಸ್ಪತ್ರೆಯ ದಾದಿ ಬಿಚ್ಚಿದ ಹಳೆಯ ಪಟ್ಟಿಯನ್ನು ಹಳದಿ ಬಕೆಟ್ಟಿಗೆ ಹಾಕುವುದನ್ನು ನೋಡಿ, ಅದರಲ್ಲಿರುವ ಬೆಳ್ಳಿಗೆ ಅಕ್ಕಸಾಲಿಗ ಎಷ್ಟು ಕೊಡಬಹುದು ಎಂದು ಕೇಳಿದರು.